ಸೂರು ಕಾಯುತ್ತದೆ, ಮೀಟರು ಓಡುತ್ತದೆ

ಪ್ರತಿ ವರ್ಷ ಡಿಸೆಂಬರ್ 14 ಬಂತೆಂದರೆ ನಮ್ಮ ಅಧಿಕಾರಿ ಮಹಾಶಯರಿಗೆ ಬಡವರ ಮನೆಯ ಸ್ವಿಚ್ಚು ನೆನಪಾಗುತ್ತದೆ. ಅಂದು ರಾಷ್ಟ್ರೀಯ ಇಂಧನ ಉಳಿತಾಯ ದಿನ. 1991ರಿಂದ ನಡೆದು ಬಂದ ಸಂಪ್ರದಾಯ. ಶಾಲೆಯ ಮಕ್ಕಳ ಮೆರವಣಿಗೆ, ಚಿತ್ರಸ್ಪರ್ಧೆ, ಸಭೆ, ಹಾರ, ಭಾಷಣ. ಜನರಿಗೆ ಅರಿವಿಲ್ಲ, ಜನ ಫ್ಯಾನು ಆರಿಸುವುದಿಲ್ಲ, ದೀಪ ಉರಿಸಿಟ್ಟೇ ಮಲಗುತ್ತಾರೆ ಎಂಬ ಗೋಳು. ಮಾರ್ಗಶಿರದ ಚಳಿಯಲ್ಲಿ ಫ್ಯಾನಿನ ಬಗ್ಗೆ ಉಪದೇಶ ಮಾಡುವುದು ಸುಲಭ. ಇದೇ ಭಾಷಣವನ್ನು ಏಪ್ರಿಲ್ ತಿಂಗಳ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆಗೆ, ರಾಣೆಬೆನ್ನೂರಿನ ಯಾವುದಾದರೊಂದು ತಗಡಿನ ಖೋಲಿಯಲ್ಲಿ ನಿಂತು ಮಾಡಬೇಕೆಂದು ನಾವು ಆಹ್ವಾನ ಕೊಡುತ್ತೇವೆ. ಫ್ಯಾನು ಆರಿಸಿಯೇ ಮಾಡಬೇಕು, ಅದೊಂದೇ ಷರತ್ತು.

ಒಂದು ಮನೆಯಲ್ಲಿ ಎಷ್ಟು ಕರೆಂಟು ಉರಿಯಬೇಕೆಂಬುದನ್ನು ಇಬ್ಬರು ತೀರ್ಮಾನಿಸುತ್ತಾರೆ. ಒಬ್ಬ ಆ ಮನೆ ಕಟ್ಟಿದವನು, ಇನ್ನೊಬ್ಬ ಅದರಲ್ಲಿ ಇರುವವನು. ಸ್ವಂತ ಮನೆಯಾದರೆ ಇಬ್ಬರೂ ಒಬ್ಬನೇ ಆಗಿರಬಹುದು. ಬಾಡಿಗೆಯ ಖೋಲಿಯಲ್ಲಿ ಹಾಗಲ್ಲ. ಅಲ್ಲಿ ಕಟ್ಟಿದವನು ಸೂರಿನಲ್ಲಿ, ಗೋಡೆಯಲ್ಲಿ, ಕಿಟಕಿಯಲ್ಲಿ ಒಂದು ಸಲ ಉಳಿಸಿಕೊಂಡ ದುಡ್ಡನ್ನು ಇರುವವನು ತಿಂಗಳು ತಿಂಗಳು ಕಟ್ಟುತ್ತ ಹೋಗಬೇಕು. ಉಪದೇಶವೆಲ್ಲ ಈ ಎರಡನೆಯವನಿಗೆ. ಮೊದಲನೆಯವನ ಬಾಗಿಲಿಗೆ ಯಾವ ಮೆರವಣಿಗೆಯೂ ಹೋಗುವುದಿಲ್ಲ. ನಮ್ಮ ತಕರಾರು ಇದು.

ಕಟ್ಟಡಕ್ಕೆ ಇಷ್ಟೊಂದು ಮಹತ್ವವಿದೆಯೆ ಎಂದು ಸಂಶಯಪಡುವವರು ಒಂದು ಬೇಸಗೆಯ ದಿನ ಹಾವೇರಿ ತಾಲೂಕಿನ ಗಳಗನಾಥಕ್ಕೆ ಹೋಗಿ ಬರಲಿ. ವರದೆ ತುಂಗಭದ್ರೆಯನ್ನು ಕೂಡುವ ಊರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಕಾಲದ ಕಲ್ಲುಕುಟಿಗರು ಕಟ್ಟಿದ ಗಳಗೇಶ್ವರನ ಗುಡಿ ಹೊಳೆಯ ದಂಡೆಯ ಮೇಲಿದೆ. ಗರ್ಭಗುಡಿಯ ಸುತ್ತ ಗೋಡೆಗೆ ಒತ್ತುಕೊಟ್ಟಂತೆ ಇಳಿಜಾರಾಗಿ ಹಬ್ಬಿದ ಅದರ ಕಲ್ಲಿನ ತಳಕಟ್ಟು ನಾಡಿನಲ್ಲಿ ಅಪರೂಪದ್ದು, ನೋಡಿದವರು ಮರೆಯುವುದಿಲ್ಲ. ಮಟಮಟ ಮಧ್ಯಾಹ್ನ ಒಳಗೆ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂತು ನೋಡಿರಿ. ಬೆನ್ನು ತಣ್ಣಗಾಗುತ್ತದೆ. ಅಷ್ಟು ದಪ್ಪದ ಕಲ್ಲು ಕಾಯಬೇಕಾದರೆ ಹೊತ್ತು ಮುಳುಗುತ್ತದೆ, ಹೊತ್ತು ಮುಳುಗಿದ ಮೇಲೆ ಹೊಳೆಯ ಗಾಳಿ ಅದನ್ನು ಮತ್ತೆ ಆರಿಸುತ್ತದೆ. ಒಂದು ಯೂನಿಟ್ಟು ಕರೆಂಟಿಲ್ಲದೆ ಸಾವಿರ ವರ್ಷ ನಡೆದ ವ್ಯವಸ್ಥೆ. ಅಲ್ಲಿಂದ ಹೊರಬಿದ್ದು ಯಾವ ಊರಿನದಾದರೂ ಹೊಸ ತಗಡಿನ ಶೆಡ್ಡಿನೊಳಗೆ ಕಾಲಿಡಿರಿ. ಬಿಸಿಲು ಅದೇ, ಗಾಳಿ ಅದೇ, ಮನುಷ್ಯನೂ ಅವನೇ. ಬದಲಾದದ್ದು ಸೂರು ಮತ್ತು ಗೋಡೆ ಮಾತ್ರ.

ಗುಡಿಯ ಮಾತು ಬಿಡಿ, ಅಷ್ಟು ಕಲ್ಲು ಯಾರಿಗೂ ಸಿಕ್ಕುವುದಿಲ್ಲ. ನಮ್ಮ ಸೀಮೆಯ ಹಳೆಯ ಮಾಳಿಗೆಯ ಮನೆಗಳೂ ಇದೇ ಲೆಕ್ಕದಲ್ಲಿ ಕಟ್ಟಿದವು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಗೇಣುದ್ದ ಮಣ್ಣು, ನಡುವೆ ಬೆಳಕಿಂಡಿ. ಹಗಲಿನ ಬಿಸಿ ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಇದನ್ನು ಹೊಗಳಿ ಕಣ್ಣೀರು ಹಾಕುವ ಪಂಡಿತರು ಈಗ ಪಟ್ಟಣದಲ್ಲಿ ಹೆಚ್ಚಾಗಿದ್ದಾರೆ. ನಾವು ಅವರ ಗುಂಪಿಗೆ ಸೇರಿದವರಲ್ಲ. ಎರಡು ಮೊಳ ಗೋಡೆ ಇದ್ದದ್ದು ದೇಸಾಯರ ವಾಡೆಗೆ, ಗೌಡರ ಮನೆಗೆ. ಗೋಡೆಯ ದಪ್ಪ ಜಮೀನಿನ ಎಕರೆಯನ್ನು ನೋಡಿ ಏರುತ್ತಿತ್ತು. ಜೀತದಾಳಿನ ಗುಡಿಸಲಿಗೆ ಕಡ್ಡಿಯ ತಡಿಕೆಯೇ ಗೋಡೆ. ಸಣ್ಣ ಹಿಡುವಳಿಯ ರೈತ ಹೇಗೋ ಒಂದು ಮಾಳಿಗೆ ಎಬ್ಬಿಸಿದರೂ ವರ್ಷ ವರ್ಷ ಮಳೆಗಾಲಕ್ಕೆ ಮೊದಲು ಮೇಲೆ ಸವಳು ಮಣ್ಣು ಹೊತ್ತು ಹಾಕಬೇಕು, ಹೆಂಗಸರು ನೆಲ ಸಾರಿಸಿ ಗೋಡೆ ಮೆತ್ತಿ ಸೊಂಟ ಮುರಿದುಕೊಳ್ಳಬೇಕು. ಇಷ್ಟಾಗಿಯೂ 2019ರ ಆಗಸ್ಟಿನಲ್ಲಿ ಮಳೆ ಹಿಡಿದು ವರದೆ, ತುಂಗಭದ್ರೆ ಉಕ್ಕಿ ಬಂದಾಗ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಗೋಡೆ ತಲೆಯ ಮೇಲೆ ಬಿದ್ದದ್ದನ್ನು ಕಂಡವನು ಮತ್ತೆ ಮಣ್ಣಿನ ಗೋಡೆ ಕಟ್ಟುತ್ತಾನೆಯೆ? ಆತ ಸಿಮೆಂಟು ಬೇಡಿದ್ದು ಶೋಕಿಗಲ್ಲ, ಜೀವಭಯದಿಂದ. ಇದನ್ನು ಮರೆತು ಹಳೆಯ ಮನೆಗೆ ಮರಳಿರಿ ಎನ್ನುವವರು ತಾವು ಮೊದಲು ಮರಳಿ ತೋರಿಸಲಿ.

ಆದರೆ ಸಿಮೆಂಟಿನ ಹೆಸರಿನಲ್ಲಿ ದುಡಿಯುವವನ ಕೈಗೆ ಕೊಟ್ಟದ್ದೇನು?

ಆರ್.ಸಿ.ಸಿ. ಸ್ಲ್ಯಾಬು ನಾಲ್ಕೈದು ಇಂಚು ದಪ್ಪ. ಬೆಳಗಿನಿಂದ ಸಂಜೆಯವರೆಗೆ ಅದು ಬಿಸಿಲು ಕುಡಿಯುತ್ತದೆ. ಹೊತ್ತು ಮುಳುಗಿ ಹೊರಗೆ ಗಾಳಿ ತಣ್ಣಗಾದ ಮೇಲೆ, ಕುಡಿದದ್ದನ್ನೆಲ್ಲ ಕೆಳಗೆ ಮಲಗಿದವನ ಮೈಮೇಲೆ ಕಾರುತ್ತದೆ. ತಗಡಿಗೆ ಅಷ್ಟು ತಾಳ್ಮೆಯಿಲ್ಲ. ಹನ್ನೊಂದು ಗಂಟೆಗೆಲ್ಲ ರೊಟ್ಟಿಯ ಹಂಚಿನಂತೆ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಜಿನ್ನಿನಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಬೇಕಾದವನಿಗೆ ತಗಡು ಸಿಕ್ಕಿರುತ್ತದೆ. ಹಗಲೆಲ್ಲ ಪೇಟೆಯಲ್ಲಿ ನಿಂತು ರಾತ್ರಿ ಮಲಗುವವನಿಗೆ ಸ್ಲ್ಯಾಬು ಸಿಕ್ಕಿರುತ್ತದೆ. ಇಬ್ಬರಿಗೂ ನಿದ್ದೆಯಿಲ್ಲ, ಇಬ್ಬರ ಮನೆಯಲ್ಲೂ ಫ್ಯಾನು ನಿಲ್ಲುವುದಿಲ್ಲ. ಫ್ಯಾನು ಗಾಳಿಯನ್ನು ತಂಪು ಮಾಡುವ ಯಂತ್ರವಲ್ಲ, ಇದ್ದ ಗಾಳಿಯನ್ನು ಆಡಿಸುವ ಯಂತ್ರ. ಕಾದ ಸೂರಿನ ಕೆಳಗೆ ಅದು ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಮೈ ಬೆವತಿದ್ದರೆ ಅಷ್ಟು ಹಿತ, ಇಲ್ಲವಾದರೆ ಅದೂ ಇಲ್ಲ.

ಲೆಕ್ಕ ಹಾಕೋಣ. ಸಾಮಾನ್ಯ ಫ್ಯಾನು 75 ವ್ಯಾಟಿನದು. ದಿನಕ್ಕೆ 18 ತಾಸು ತಿರುಗಿದರೆ ತಿಂಗಳಿಗೆ 40 ಯೂನಿಟ್ಟು ದಾಟುತ್ತದೆ. ಅದೇ ಖೋಲಿಯ ಸೂರು ತಂಪಾಗಿದ್ದು 8 ತಾಸು ಸಾಕಾದರೆ 18 ಯೂನಿಟ್ಟು. ಈ ಇಪ್ಪತ್ತೆರಡು ಯೂನಿಟ್ಟು ಯಾರ ದುರಭ್ಯಾಸ? ಸ್ವಿಚ್ಚು ಒತ್ತಿದ ಬೆರಳು ಕೂಲಿಯವನದು ನಿಜ. ಒತ್ತಿಸಿದ್ದು ತಗಡು.

ಇನ್ನು ನಮ್ಮ ರಾಜ್ಯದ ಗೃಹಜ್ಯೋತಿಯ ವಿಚಾರ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆಯನ್ನು ನಾವು ವಿರೋಧಿಸುವವರಲ್ಲ. ಸೊನ್ನೆ ಬಿಲ್ಲು ಕೈಗೆ ಬಂದ ತಾಯಂದಿರ ಸಮಾಧಾನ ನಮಗೆ ಗೊತ್ತು. ಬಿಟ್ಟಿ ಭಾಗ್ಯ ಎಂದು ಹೀಯಾಳಿಸುವ ಶ್ರೀಮಂತರ ಪತ್ರಿಕೆಗಳ ಜೊತೆ ನಮ್ಮ ದನಿ ಸೇರುವುದಿಲ್ಲ. ಆದರೆ ಅಳತೆಗೋಲನ್ನು ನೋಡಿರಿ. 200 ಯೂನಿಟ್ಟಿನವರೆಗೆ ಉಚಿತ ಎಂದು ಡಂಗುರ ಹೊಡೆದದ್ದು ಎಲ್ಲರ ಕಿವಿಗೂ ಬಿತ್ತು. ಒಳಗಿನ ಕರಾರು ಬೇರೆ. 2022-23ನೆಯ ಸಾಲಿನಲ್ಲಿ ಯಾವ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಸೇಕಡಾ 10 ಸೇರಿಸಿ ಅಷ್ಟು ಮಾತ್ರ ಉಚಿತ. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ಟು ಹಿಡಿದು ಅದರ ಮೇಲೆ ಸೇಕಡಾ 10. ಫ್ರಿಜ್ಜು, ಗೀಸರು, ನಾಲ್ಕು ಫ್ಯಾನು ಇಟ್ಟುಕೊಂಡು 180 ಉರಿಸಿದವನಿಗೆ 198 ಯೂನಿಟ್ಟು ಪುಕ್ಕಟೆ. ಬಿಲ್ಲಿಗೆ ಹೆದರಿ ಕತ್ತಲಲ್ಲಿ ಕೂತು 30 ಉರಿಸಿದ ವಿಧವೆಗೆ 33. ಇದು ಅನ್ಯಾಯವೆಂಬುದು ಸರಕಾರಕ್ಕೂ ತಡವಾಗಿ ಹೊಳೆದು, 2024ರ ಜನವರಿಯಲ್ಲಿ ಸಚಿವ ಸಂಪುಟವು 48 ಯೂನಿಟ್ಟಿಗಿಂತ ಕಡಿಮೆ ಉರಿಸುವವರಿಗೆ ಸೇಕಡಾ 10ರ ಬದಲು ಹತ್ತು ಯೂನಿಟ್ಟು ಹೆಚ್ಚು ಕೊಡಲು ಒಪ್ಪಿತು. ಆಗ ಆ ತಾಯಿಯ ಪಾಲು 40 ಆಯಿತು. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಓದಿರಿ: ತಗಡಿನ ಕೆಳಗೆ ಒಂದೇ ಒಂದು ಫ್ಯಾನು ತಿಂದು ಮುಗಿಸುವುದು ಅಷ್ಟನ್ನೇ. ದೀಪಕ್ಕೆ, ಮಗುವಿನ ಓದಿಗೆ, ಮಿಕ್ಸರಿಗೆ ಏನೂ ಉಳಿಯಲಿಲ್ಲ. ನಿನ್ನೆ ಹೆಚ್ಚು ಉಂಡವನಿಗೆ ಇಂದೂ ಹೆಚ್ಚು ಬಡಿಸು, ನಿನ್ನೆ ಉಪವಾಸವಿದ್ದವನಿಗೆ ಒಂದು ತುತ್ತು ಸೇರಿಸಿ ಬಡಿಸು ಎಂಬುದು ಯಾವ ಸಮಾಜವಾದ?

ಚಾಳುಗಳ ಕಥೆ ಇದಕ್ಕಿಂತ ಕೆಟ್ಟದ್ದು. ಒಂದು ಸಾಲಿನಲ್ಲಿ ಐದು ಖೋಲಿ, ಐದು ಸಂಸಾರ, ಆದರೆ ಆರ್.ಆರ್. ನಂಬರು ಒಂದೇ, ಅದೂ ಮಾಲಕನ ಹೆಸರಿನಲ್ಲಿ. ಖೋಲಿಗೆ 45 ಯೂನಿಟ್ಟಿನಂತೆ ಉರಿದರೂ ಒಟ್ಟು 225. ಇನ್ನೂರು ದಾಟಿತು, ಪೂರ್ತಿ ಬಿಲ್ಲು ಬಂತು. ಮಾಲಕ ಒಳಗೆ ಸಣ್ಣ ಮೀಟರುಗಳನ್ನು ಹಾಕಿ ತನಗೆ ತೋಚಿದ ದರದಲ್ಲಿ ವಸೂಲು ಮಾಡುತ್ತಾನೆ. ಆತನ ಸ್ವಂತ ಮನೆಗೆ ಬೇರೆ ಮೀಟರು, ಅಲ್ಲಿ ಸೊನ್ನೆ ಬಿಲ್ಲು! ಬಾಡಿಗೆದಾರರಿಗೂ ಗೃಹಜ್ಯೋತಿ ಉಂಟು ಎಂದು ಸರಕಾರ ಹೇಳುತ್ತದೆ. ಉಂಟು, ಮೀಟರು ಬೇರೆಯಿದ್ದರೆ, ಕರಾರುಪತ್ರವಿದ್ದರೆ. ನಮ್ಮ ಓದುಗರಲ್ಲಿ ಎಷ್ಟು ಜನರ ಪೆಟ್ಟಿಗೆಯಲ್ಲಿ ಬಾಡಿಗೆಯ ಕರಾರುಪತ್ರವಿದೆ? ಮುಂದೆ ಅಂಗಡಿ, ಹಿಂದೆ ಸಂಸಾರ ಇಟ್ಟುಕೊಂಡ ಸಣ್ಣ ವ್ಯಾಪಾರಿಯ ಪಾಡೂ ಇದೇ. ಅಂಗಡಿಯ ಮೀಟರು ವಾಣಿಜ್ಯದ ದರದ್ದು. ಅದಕ್ಕೆ ಯಾವ ಭಾಗ್ಯವೂ ಇಲ್ಲ. ತಗಡಿನ ಚಪ್ಪರದ ಕೆಳಗೆ ನಿಂತ ಆತನ ಫ್ರಿಜ್ಜು ಹಗಲೆಲ್ಲ ಏದುಸಿರು ಬಿಡುತ್ತ ಓಡುತ್ತಲೇ ಇರುತ್ತದೆ. ಸುತ್ತಲಿನ ಗಾಳಿ ಬಿಸಿಯಾದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ.

ಹಾಗಾದರೆ ಮನೆಯಲ್ಲಿ ಇರುವವರ ನಡವಳಿಕೆಯಿಂದ ಏನೂ ವ್ಯತ್ಯಾಸವಿಲ್ಲವೆ ಎಂದು ಕೇಳಬಹುದು. ಇದೆ, ಬಹಳ ಇದೆ. ಅಮೇರಿಕೆಯ ನ್ಯೂಜೆರ್ಸಿಯಲ್ಲಿ ಟ್ವಿನ್ ರಿವರ್ಸ್ ಎಂಬ ಬಡಾವಣೆಯ ಮನೆಗಳನ್ನು 1970ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ವಾಂಸರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಒಂದೇ ನಕ್ಷೆಯ, ಒಬ್ಬನೇ ಕಟ್ಟಿದ ಸಾಲು ಮನೆಗಳು. ಆದರೂ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಒಂದು ಸಂಸಾರ ಸುಟ್ಟ ಇಂಧನ ಇನ್ನೊಂದರ ಎರಡು ಪಾಲಿಗಿಂತ ಹೆಚ್ಚಿತ್ತು. ಒಂದು ಸಂಸಾರ ಬಿಟ್ಟು ಹೋಗಿ ಇನ್ನೊಂದು ಬಂದರೆ ಅದೇ ಮನೆಯ ಖರ್ಚೂ ಬದಲಾಗುತ್ತಿತ್ತು. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುವುದು ಉಪದೇಶಕರ ಚಾಳಿ. ಅದೇ ವಿದ್ವಾಂಸರು ಅಲ್ಲಿಯ ಒಂದು ಮನೆಯ ಬಿರುಕು ಮುಚ್ಚಿ, ಅಟ್ಟಕ್ಕೆ, ಕಿಟಕಿಗೆ, ಗೋಡೆಗೆ ಬಿಸಿ ಸೋರದಂತೆ ಹೊದಿಕೆ ಹಾಕಿದಾಗ ಇಂಧನದ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೆಂಬುದೂ ಆ ಅಭ್ಯಾಸದ ಮಾತೇ. ಇರುವವರನ್ನು ಬದಲಿಸದೆ, ಉಪದೇಶ ಮಾಡದೆ, ಮನೆಯನ್ನು ಸರಿಪಡಿಸಿ ಪಡೆದ ಉಳಿತಾಯ ಅದು.

ನಡವಳಿಕೆ ಎಂಬುದೂ ಆಕಾಶದಿಂದ ಉದುರುವುದಿಲ್ಲ. ರಾತ್ರಿ ಕಿಟಕಿ ತೆರೆದಿಡಿರಿ, ತಂಗಾಳಿ ಬಂದರೆ ಫ್ಯಾನೇ ಬೇಕಿಲ್ಲ ಎನ್ನುತ್ತಾರೆ. ಕಿಟಕಿಯ ಹೊರಗೆ ಮುಚ್ಚದ ಗಟಾರವಿದೆ; ತೆರೆದರೆ ತಂಗಾಳಿಗಿಂತ ಮೊದಲು ಸೊಳ್ಳೆ ಬರುತ್ತದೆ. ಅನೇಕ ಖೋಲಿಗಳಿಗೆ ಎದುರು ಬದುರು ಕಿಟಕಿಯೇ ಇಲ್ಲ, ಮೂರು ಕಡೆ ಪಕ್ಕದವರ ಗೋಡೆ. ಒಂದೇ ಕಡೆಯಿಂದ ಗಾಳಿ ಬಂದು ಎಲ್ಲಿಗೆ ಹೋಗಬೇಕು? ಮಾಳಿಗೆಯ ಮೇಲೆ ಮಲಗುವುದು ನಮ್ಮ ಹಿರಿಯರ ರೂಢಿ. ತಗಡಿನ ಮೇಲೆ ಮಲಗಲಾದೀತೆ? ನಳಕ್ಕೆ ನೀರು ಯಾವ ಹೊತ್ತಿಗೆ ಬರುತ್ತದೋ ಎಂದು ಕಾದು, ಬಂದ ಕೂಡಲೆ ಮೋಟರು ಹಚ್ಚಿ ಎಳೆಯುವ ಸಂಸಾರಕ್ಕೆ ಕರೆಂಟು ಉಳಿಸು ಎನ್ನುವ ಮೊದಲು ನೀರನ್ನು ಸರಿಯಾಗಿ ಬಿಡಬೇಡವೆ? ನಗರಸಭೆಯ ತಪ್ಪನ್ನು ಮನೆಯೊಡತಿಯ ಮೀಟರಿನಲ್ಲಿ ಬರೆಯುವ ಪದ್ಧತಿ ಇದು.

ಆದರೂ ನಮ್ಮ ಜನರಿಗೂ ಎರಡು ಮಾತು ಹೇಳದೆ ಬಿಡುವಂತಿಲ್ಲ. 60 ವ್ಯಾಟಿನ ಹಳೆಯ ಬಲ್ಬು ಸಂಜೆ ಆರು ತಾಸು ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್ಟು. 9 ವ್ಯಾಟಿನ ಎಲ್.ಇ.ಡಿ. ಎರಡನ್ನೂ ದಾಟುವುದಿಲ್ಲ. ಇಂದಿಗೂ ಬಚ್ಚಲಲ್ಲಿ, ದೇವರ ಜಗಲಿಯ ಮೇಲೆ ಹಳೆಯ ಬಲ್ಬು ಕಾಣುತ್ತದೆ. ಯಾರೂ ನೋಡದ ಟಿ.ವಿ. ಮಾತಾಡುತ್ತಿರುತ್ತದೆ. ಮೂವತ್ತು ವ್ಯಾಟಿನೊಳಗೆ ತಿರುಗುವ ಹೊಸ ಬಗೆಯ ಫ್ಯಾನುಗಳು ಬಂದಿವೆ, ಬೆಲೆ ಹೆಚ್ಚು ನಿಜ, ಆದರೆ ಹಳೆಯದಕ್ಕೆ ಮತ್ತೆ ಮತ್ತೆ ವೈಂಡಿಂಗ್ ಮಾಡಿಸುವ ದುಡ್ಡನ್ನೂ ಎಣಿಸಬೇಕು. ಪೇಟೆಯ ಕೆಲವು ಮಿತ್ರರು ಗಟ್ಟಿಯಾಗಿಯೇ ಇದ್ದ ಅಜ್ಜನ ಮಾಳಿಗೆಯನ್ನು ಕೆಡವಿ, ರಸ್ತೆಯ ಕಡೆ ಗಾಜು ಹಚ್ಚಿದ ಸ್ಲ್ಯಾಬಿನ ಮನೆ ಎಬ್ಬಿಸಿ, ಒಳಗೆ ಬೆಂದು, ಆಮೇಲೆ ಏ.ಸಿ. ತರಲು ಸಾಲ ಮಾಡುತ್ತಿದ್ದಾರೆ. ಪಡುವಣ ಬಿಸಿಲಿಗೆ ಗಾಜು ಹಿಡಿಯುವುದು ಯಾವ ಪ್ರತಿಷ್ಠೆಯೋ ನಮಗೆ ತಿಳಿಯದು.

ಇನ್ನು ಕರೆಂಟೊಂದೇ ಇಂಧನವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ ಅಸ್ತ್ರ ಎಂಬ ವಿಭಾಗದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಮೊದಲಾದ ಆರು ಹಳ್ಳಿಗಳಲ್ಲಿ ಮನೆಮನೆಯ ಇಂಧನದ ಲೆಕ್ಕ ತೆಗೆದರು. ಹಳ್ಳಿ ಉರಿಸುವ ಇಂಧನದ ಬಹುಪಾಲು ಸೌದೆ, ಅದು ಉರಿಯುವುದು ಒಲೆಯಲ್ಲಿ, ಹೊರುವವರು ಹೆಚ್ಚಾಗಿ ಹೆಂಗಸರು ಮಕ್ಕಳು ಎಂದು ಕಂಡಿತು. ಈಗ 2016ರ ಉಜ್ವಲ ಯೋಜನೆಯ ಮೇಲೆ ಸಿಲಿಂಡರು ಬಂದಿದೆ. ಆದರೆ ನಮ್ಮ ಹಳ್ಳಿಗಳ ಬಚ್ಚಲ ಹಂಡೆಯ ಕೆಳಗೆ ಉರಿಯುತ್ತಿರುವುದು ಇಂದಿಗೂ ಹತ್ತಿಯ ಕಟ್ಟಿಗೆ, ಕಾಳು ಬಿಡಿಸಿ ಉಳಿದ ಗೋವಿನಜೋಳದ ಬೆಂಡು. ಹೊಗೆ ಹೋಗಲು ಕಿಂಡಿಯಿಲ್ಲದ ಅಡಿಗೆಮನೆಯೂ ಕಟ್ಟಡದ ದೋಷವೇ. ಅದರ ಬಿಲ್ಲು ಕಾಗದದ ಮೇಲೆ ಬರುವುದಿಲ್ಲ, ಎದೆಯಲ್ಲಿ ಕೆಮ್ಮಾಗಿ ಕೂರುತ್ತದೆ.

ತಂಪು ಮಾಡುವ ವಿದ್ಯೆ ನಮ್ಮವರಿಗೆ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳನ್ನು ನೋಡಿರಿ. ಮೆಣಸಿನಕಾಯಿಯ ಬಣ್ಣ ಕೆಡಬಾರದು, ಖಾರ ಇಳಿಯಬಾರದು ಎಂದು ಬಿಸಿ ಒಳಗೆ ನುಸುಳದ ಗೋಡೆ, ಬಿಗಿಯಾದ ಬಾಗಿಲು, ಹಗಲಿರುಳು ಓಡುವ ಯಂತ್ರ. ಸರಕಿಗೆ ಎಷ್ಟು ತಂಪು ಬೇಕೆಂಬುದು ಬಂಡವಾಳಕ್ಕೆ ಡಿಗ್ರಿಯ ಲೆಕ್ಕದಲ್ಲಿ ಗೊತ್ತಿದೆ. ಅದೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಉರಿಯುವ ಕೈ ಹೊತ್ತು ಸಂಜೆ ಯಾವ ಸೂರಿನ ಕೆಳಗೆ ಹೋಗುತ್ತಾರೆಂಬುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಸರಕಾರದ ಲೆಕ್ಕದಲ್ಲಂತೂ ಇಲ್ಲವೇ ಇಲ್ಲ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇಕೋ ನಿವಾಸ ಸಂಹಿತೆ ಎಂಬ ನಿಯಮಾವಳಿ ಹೊರಡಿಸಿತು. ವಾಸದ ಮನೆಯ ಗೋಡೆ ಎಷ್ಟು ಬಿಸಿ ಒಳಗೆ ಬಿಡಬಹುದು, ಸೂರು ಎಷ್ಟು ಬಿಡಬಹುದು, ಕಿಟಕಿ ಎಷ್ಟು ತೆರೆಯಬೇಕು ಎಂದೆಲ್ಲ ಅಳತೆ ಕಟ್ಟಿದ ಒಳ್ಳೆಯ ಕೆಲಸ. ಅನ್ವಯವಾಗುವುದು ಯಾರಿಗೆ? 500 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳಿಗೆ! ನಮ್ಮ ಊರುಗಳ ಮೂವತ್ತು-ನಾಲ್ವತ್ತು ಅಡಿಯ ಸೈಟು ನೂರ ಹನ್ನೊಂದು ಚದರ ಮೀಟರು. ಬಿಸಿಲು ಬಡವನ ಸೂರನ್ನು ಬಿಟ್ಟು ಐದುನೂರು ಮೀಟರಿನ ಮೇಲೆಯೇ ಬೀಳುತ್ತದೆಂದು ಇವರಿಗೆ ಯಾರು ಹೇಳಿದರು?

ಅದೇ ಸರಕಾರ 2016ರಲ್ಲಿ ಗ್ರಾಮೀಣ ಆವಾಸ್ ಯೋಜನೆ ತಂದಾಗ ಕನಿಷ್ಠ 25 ಚದರ ಮೀಟರಿನ ಮನೆ, ಬಯಲು ಸೀಮೆಗೆ 1 ಲಕ್ಷ 20 ಸಾವಿರ ರೂಪಾಯಿ ಎಂದು ಗೊತ್ತುಮಾಡಿತು. ಆ ದುಡ್ಡಿನಲ್ಲಿ ಏಳುವುದು ತೆಳ್ಳನೆಯ ಸಿಮೆಂಟು ಇಟ್ಟಿಗೆಯ ಗೋಡೆ, ಮೇಲೆ ತಗಡು ಅಥವಾ ಸಾಲ ಮಾಡಿ ಹಾಕಿಸಿದ ಸ್ಲ್ಯಾಬು. ತಳಪಾಯಕ್ಕೊಂದು ಫೋಟೋ, ಲಿಂಟಲ್ಲಿಗೊಂದು ಫೋಟೋ, ಸೂರಿಗೊಂದು ಫೋಟೋ, ಅದರಂತೆ ಕಂತು. ಸೂರು ಇದೆ ಎಂಬುದಕ್ಕೆ ಫೋಟೋ ಸಾಕ್ಷಿ. ಅದರ ಕೆಳಗೆ ವೈಶಾಖದಲ್ಲಿ ಹಸುಗೂಸು ಮಲಗಬಲ್ಲುದೆ ಎಂಬುದಕ್ಕೆ ಫೋಟೋ ತೆಗೆಯುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. 2024ರ ಫೆಬ್ರವರಿಯಲ್ಲಿ ಸೂರ್ಯಘರ್ ಎಂಬ ಇನ್ನೊಂದು ಯೋಜನೆ ಬಂತು. ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿಕೊಂಡವರಿಗೆ 78 ಸಾವಿರ ರೂಪಾಯಿಯವರೆಗೆ ಸಹಾಯಧನ. ಮಾಳಿಗೆಯೇ ತನ್ನದಲ್ಲದ ಬಾಡಿಗೆದಾರ ಫಲಕವನ್ನು ತಲೆಯ ಮೇಲೆ ಹೊರಬೇಕೆ?

ಮಾಡುವ ಮನಸ್ಸಿದ್ದರೆ ದಾರಿ ಇಲ್ಲದಿಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿಯನ್ನೇ ಹೊರಡಿಸಿತು. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣವೋ ಹಾಸೋ ಸೂರಿನ ಮೇಲೆ ಇರಬೇಕೆಂಬ ಈ ಕಟ್ಟಳೆಯಲ್ಲಿ ಸರಕಾರ ಬಡವರಿಗೆ ಕಟ್ಟಿಕೊಡುವ ಮನೆಗಳನ್ನೂ ಸೇರಿಸಿದೆ. ನಮ್ಮಲ್ಲಿ ದೀಪಾವಳಿಗೆ, ಮದುವೆಗೆ ಗೋಡೆಗೆ ಸುಣ್ಣ ಬಳಿಯುತ್ತೇವೆ. ಬಿಸಿಲು ತಿನ್ನುವ ಸ್ಲ್ಯಾಬಿನ ಮೇಲೆ ಎರಡು ಕೈ ಸುಣ್ಣ ಎಳೆದರೆ ಆಗುವ ಲಾಭ ಕಣ್ಣಿಗೆ ಕಾಣುವುದಿಲ್ಲವೆಂದು ಬಿಡುತ್ತೇವೆ. ಸೇಕಡಾ ಐದಾರು ಪಾಲು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ, ಭಟ್ಟಿಯಲ್ಲಿ ಸುಡಬೇಕಿಲ್ಲದ, ಮಳೆಗೆ ಕರಗದ ಮಣ್ಣಿನ ಇಟ್ಟಿಗೆಯನ್ನು ಮೇಲೆ ಹೇಳಿದ ಅಸ್ತ್ರದವರೇ ಬಹಳ ಹಿಂದೆ ರೂಢಿಸಿ ತೋರಿಸಿದ್ದಾರೆ. ಸ್ಲ್ಯಾಬಿನ ಹೊಟ್ಟೆಯಲ್ಲಿ ಮಂಗಳೂರು ಹಂಚು ಇಟ್ಟು ಸಿಮೆಂಟೂ ಬಿಸಿಯೂ ಕಡಿಮೆಯಾಗುವಂತೆ ಎರಕ ಹೊಯ್ಯುವುದನ್ನು ಕೇರಳದಲ್ಲಿ ಲಾರಿ ಬೇಕರ್ ಊರೂರಿಗೆ ಕಲಿಸಿದರು. ಇವು ನಮ್ಮ ಪಂಚಾಯತಿಯ ಇಂಜಿನಿಯರರ ಎಸ್ಟಿಮೇಟಿನಲ್ಲಿ ಏಕೆ ಬರುವುದಿಲ್ಲ? ಸಿಮೆಂಟು, ಕಬ್ಬಿಣ, ತಗಡು ಮಾರುವವರ ಅಂಗಡಿ ದೊಡ್ಡದು; ಮಣ್ಣಿಗೆ ಏಜೆಂಟರಿಲ್ಲ.

ನಾವು ಕೇಳುವುದು ಇಷ್ಟು. ಸರಕಾರದ ದುಡ್ಡಿನಿಂದ ಏಳುವ ಪ್ರತಿಯೊಂದು ಮನೆಗೆ, ಅದು ಎಷ್ಟೇ ಚಿಕ್ಕದಿರಲಿ, ಎದುರು ಬದುರು ಕಿಟಕಿ ಮತ್ತು ತಂಪು ಸೂರು ಕಡ್ಡಾಯವಾಗಲಿ, ಅದರ ಖರ್ಚನ್ನು ಸಹಾಯಧನಕ್ಕೆ ಸೇರಿಸಲಿ. ಬಾಡಿಗೆಯ ಖೋಲಿಗೊಂದು ಮೀಟರು ಕೊಡಿಸುವ ಹೊಣೆ ಮಾಲಕನ ಮೇಲಿರಲಿ. ಕೊಡಿಸದವನಿಗೆ ಮನೆಗಂದಾಯದಲ್ಲಿ ಹೆಚ್ಚುವರಿ ಬೀಳಲಿ. ಗೃಹಜ್ಯೋತಿಯ ಅಳತೆ ಹಿಂದೆ ಉರಿಸಿದ್ದರ ಮೇಲೆ ನಿಲ್ಲದೆ ಮನೆಯ ಜನರ ಸಂಖ್ಯೆಯ ಮೇಲೆ ನಿಲ್ಲಲಿ.

ವಿದ್ಯುತ್ತಿನ ದರ ಗೊತ್ತುಮಾಡುವ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹೆಸ್ಕಾಂ ಗ್ರಾಹಕರಿಂದ ಆಕ್ಷೇಪಣೆ ಕರೆಯುತ್ತದೆ. ಅಲ್ಲಿಗೆ ಹೋಗಿ ಮಾತಾಡುವವರು ಹೆಚ್ಚಾಗಿ ಉದ್ಯಮಿಗಳ ಸಂಘದವರು, ವಕೀಲರು. ಬರುವ ಸಲ ಜಿನ್ನಿನವರೂ ಅಂಗಡಿಯವರೂ ಬರೆಯಬೇಕು. ಬರೆಯುವಾಗ ಬಿಲ್ಲಿನ ಅಂಕಿಯೊಂದನ್ನೇ ಬರೆದು ಸುಮ್ಮನಾಗಬೇಡಿರಿ. ಸೂರು ಯಾವುದು, ಗೋಡೆ ಎಷ್ಟು ಇಂಚು, ಕಿಟಕಿ ಎಷ್ಟು, ಒಳಗೆ ಎಷ್ಟು ಜನ, ಮೀಟರು ಯಾರ ಹೆಸರಿನಲ್ಲಿ ಎಂಬುದನ್ನೂ ಬರೆಯಿರಿ.